ತಪಾಸಣೆ ದಿನದ ಸೋಪು

ನನ್ನ ಅಳಿಯ ಜವಾಬ್ದಾರಿಯ ಮನುಷ್ಯ. ಇದು ಮಾವನ ಹೊಗಳಿಕೆಯಲ್ಲ, ಅವರ ವಿಸಿಟಿಂಗ್ ಕಾರ್ಡಿನಲ್ಲೇ ಅಚ್ಚಾಗಿದೆ: ‘ರೆಸ್ಪಾನ್ಸಿಬಲ್ ಸೋರ್ಸಿಂಗ್’ ವಿಭಾಗದ ಡೈರೆಕ್ಟರ್. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಟ್ಟೆ ಕಂಪನಿಯಲ್ಲಿ ಕೆಲಸ, ಅಲ್ಲಿಂದ ದಕ್ಷಿಣಕ್ಕಿರುವ ಸ್ಯಾನ್ ಮಟಿಯೋದಲ್ಲಿ ಮನೆ. ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಇಲ್ಲಿಗೆ ಬಂದಳು, ಅವಳ ಲಗೇಜಿನ ಜೊತೆ ನಾನೂ ಬಂದೆ. ಮದ್ದೂರು ಸೀಮೆಯಲ್ಲಿ ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದವನಿಗೆ ಇಲ್ಲಿ ಎರಡೇ ಕೆಲಸ. ಬೆಳಿಗ್ಗೆ ಮೊಮ್ಮಗುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ಸೆಂಟ್ರಲ್ ಪಾರ್ಕಿನ ಜಪಾನಿ ತೋಟದವರೆಗೆ ತಳ್ಳಿಕೊಂಡು ಹೋಗುವುದು, ಸಂಜೆ ಅಳಿಯಂದಿರು ಬಂದ ಮೇಲೆ ಪ್ರಶ್ನೆ ಕೇಳುವುದು.

ಬಂದ ಮೊದಲ ವಾರವೇ ಕೇಳಿದೆ. “ಅಲ್ಲ ಅಳಿಯಂದಿರೇ, ಈ ಹುದ್ದೆಯಲ್ಲಿ ಮಾಡೋ ಕೆಲಸ ಏನು?”

“ಮಾವ, ನಮ್ಮ ಕಂಪನಿ ಬಟ್ಟೆ ಮಾರುತ್ತೆ, ಹೊಲಿಯೋದಿಲ್ಲ. ಹೊಲಿಸೋದೆಲ್ಲ ಇಂಡಿಯಾ, ಬಾಂಗ್ಲಾದೇಶ, ವಿಯೆಟ್ನಾಂ ಕಡೆ. ಅಲ್ಲಿ ಕೆಲಸದವರನ್ನ ಸರಿಯಾಗಿ ನೋಡ್ಕೊಳ್ತಾರಾ ಅಂತ ನೋಡೋದು ನಮ್ಮ ಟೀಮು.”

“ನೀವೇ ಹೋಗಿ ನೋಡ್ತೀರಾ?”

“ಇಲ್ಲ ಮಾವ, ಅದಕ್ಕೊಂದು ಆಡಿಟ್ ಸಂಸ್ಥೆ ಇದೆ.”

“ಅವರು ಹೋಗ್ತಾರಾ?”

“ಅವರು ಅಲ್ಲೇ ಹತ್ತಿರದ ಒಬ್ಬ ಆಡಿಟರ್‌ನ ಕಳಿಸ್ತಾರೆ.”

“ಆತನ ಫೀಸು ಕೊಡೋರು ನೀವೋ?”

ಅಳಿಯಂದಿರು ಸಾರಿಗೆ ಉಪ್ಪು ಬೇಕೆಂದು ಎದ್ದರು. ಬರುವಾಗ ಹೇಳಿದರು, “ಎಷ್ಟೋ ಕಡೆ ಫ್ಯಾಕ್ಟರಿಯವರೇ ಕೊಟ್ಟುಕೊಳ್ತಾರೆ ಮಾವ. ಅದು ಇಂಡಸ್ಟ್ರಿ ಪದ್ಧತಿ.”

ಎಸ್ಸೆಸ್ಸೆಲ್ಸಿ ಹುಡುಗರೇ ಮೌಲ್ಯಮಾಪಕರಿಗೆ ಭತ್ಯೆ ಕೊಡುವ ಪದ್ಧತಿ ನಮ್ಮ ಕಾಲದಲ್ಲಿ ಇದ್ದಿದ್ದರೆ ಮಂಡ್ಯ ಜಿಲ್ಲೆ ವರ್ಷವರ್ಷವೂ ರಾಜ್ಯಕ್ಕೇ ಮೊದಲು ಬರುತ್ತಿತ್ತು.

ನಗಬೇಡಿ, ತಪಾಸಣೆ ಎಂದರೆ ಏನೆಂದು ನನಗೆ ಗೊತ್ತು. ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದರೆ ನಮ್ಮ ಶಾಲೆಗೆ ಹಿಂದಿನ ದಿನವೇ ಸುಣ್ಣ. ಬೀರುವಿನಲ್ಲಿ ವರ್ಷಗಟ್ಟಲೆ ಪ್ಲಾಸ್ಟಿಕ್ ಹೊದ್ದು ಕೂತಿದ್ದ ಗ್ಲೋಬು ಅಂದು ಮೇಜಿನ ಮೇಲೆ ಬಂದು ತಿರುಗುತ್ತಿತ್ತು. ಪ್ರವಾಸಿ ಮಂದಿರದಿಂದ ನಾಲ್ಕು ಕ್ರೋಟನ್ ಕುಂಡ ಎರವಲು ತಂದು ಬಾಗಿಲಿಗೆ ಇಡುತ್ತಿದ್ದೆವು. ದನ ಮೇಯಿಸಲು ಹೋಗುವ ಹುಡುಗರನ್ನು ಗದ್ದೆಯಿಂದ ಹಿಡಿದು ತಂದು ಹಾಜರಿ ತುಂಬಿಸುತ್ತಿದ್ದೆವು. ಸಾಹೇಬರು ಕೇಳುವ ಐದು ಪ್ರಶ್ನೆ ನಮಗೆ ಗೊತ್ತಿತ್ತು, ಅದಕ್ಕೆ ಉತ್ತರ ಹೇಳುವ ಐದು ಮಕ್ಕಳೂ ಗೊತ್ತಿದ್ದರು. ಆಮೇಲೆ ರೈಲ್ವೆ ಸ್ಟೇಷನ್ ಕಡೆಯಿಂದ ಬಿಸಿ ವಡೆ, ಉಪ್ಪಿಟ್ಟು, ಕೇಸರಿಬಾತು. ಕೈ ತೊಳೆದುಕೊಂಡು ಸಾಹೇಬರು ಪುಸ್ತಕದಲ್ಲಿ ಷರಾ ಬರೆಯುತ್ತಿದ್ದರು: ‘ತೃಪ್ತಿಕರ’. ಮೂವತ್ತನಾಲ್ಕು ವರ್ಷದಲ್ಲಿ ನಮ್ಮ ಶಾಲೆ ಒಮ್ಮೆಯೂ ತೃಪ್ತಿಕರವಲ್ಲದೆ ಇರಲಿಲ್ಲ. ಆ ಶಾಲೆಯ ಮಳೆಗಾಲದ ಸೋರಿಕೆ ಮಾತ್ರ ನಾನು ನಿವೃತ್ತನಾಗುವ ದಿನವೂ ಹಾಗೇ ಇತ್ತು. ಸಾಹೇಬರು ಮಳೆಗಾಲದಲ್ಲಿ ಬರುತ್ತಿರಲಿಲ್ಲ.

ಈ ಕತೆಯನ್ನು ಅಳಿಯಂದಿರಿಗೆ ಹೇಳಿದೆ. “ಮಾವ, ಅದು ಸರ್ಕಾರಿ. ನಮ್ಮದು ಗ್ಲೋಬಲ್ ಸ್ಟ್ಯಾಂಡರ್ಡ್” ಎಂದರು.

ನನ್ನ ಹಳೆಯ ಶಿಷ್ಯೆಯೊಬ್ಬಳು ಮೈಸೂರು ಹೆದ್ದಾರಿ ಬದಿಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ಹನ್ನೊಂದು ವರ್ಷದಿಂದ ಅಂಗಿಯ ಕಾಲರ್ ಹೊಲಿಯುತ್ತಾಳೆ. ಕಾಲರ್ ಮಾತ್ರ. ಇಡೀ ಅಂಗಿ ಹೊಲಿದು ಎಷ್ಟು ವರ್ಷವಾಯಿತೋ ಅವಳಿಗೇ ಮರೆತಿದೆ. ಅಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಬೆಳಿಗ್ಗೆ ಏಳೂವರೆ. ಅವಳು ಮುದ್ದೆ ತಿರುವುತ್ತಾ ಮಾತಾಡುತ್ತಾಳೆ, ನಾನು ಕಾಫಿ ಕುಡಿಯುತ್ತಾ ಕೇಳುತ್ತೇನೆ. ಅಳಿಯಂದಿರ ಗ್ಲೋಬಲ್ ಸ್ಟ್ಯಾಂಡರ್ಡ್ ಮದ್ದೂರಿನಲ್ಲಿ ಇಳಿಯುವಾಗ ಹೇಗಿರುತ್ತದೆ ಎಂದು ತಿಳಿದದ್ದು ಅವಳಿಂದ.

“ನಾಳೀಕೆ ಬಯರ್ ಬತ್ತಾರಂತೆ ಸಾ. ಬೆಳಗ್ಗಿಂದ ಒಂದೇ ಗಲಾಟೆ. ಬಾತ್ರೂಮ್ಗೆ ಸೋಪ್ ಮಡಗವ್ರೆ. ಮೂಗಿಗೆ ಮಾಸ್ಕ್ ಕೊಟ್ಟವ್ರೆ. ಹಿಂದ್ಗಡೆ ಬಾಗ್ಲಿಗೆ ಅಡ್ಡ ಇಟ್ಟಿದ್ ಡಬ್ಬ ಎಲ್ಲಾ ತೆಗ್ಸವ್ರೆ. ಮಕ್ಕಳ ರೂಮಿಗೆ ಕುದ್ರೆ ಬೊಂಬೆ ಬಂದದೆ.”

“ಮಕ್ಕಳು ಬಂದಿದ್ದಾವಾ?”

“ಮಕ್ಳೆಲ್ಲಿ ಸಾ. ಬೊಂಬೆ ಬಂದದೆ.”

ಪ್ರಶ್ನೋತ್ತರವೂ ತಯಾರು. ಎಷ್ಟು ಗಂಟೆಗೆ ಬಿಡುತ್ತಾರೆ ಎಂದರೆ ಐದೂವರೆ ಅನ್ನಬೇಕು. ಸೂಪರ್‌ವೈಸರ್ ಬಯ್ಯುತ್ತಾರಾ ಎಂದರೆ ಅಣ್ಣನ ಹಾಗೆ ನೋಡಿಕೊಳ್ಳುತ್ತಾರೆ ಅನ್ನಬೇಕು. ನೀರು ಕುಡಿಯಲು ಬಿಡುತ್ತಾರಾ ಎಂದರೆ ನಗಬೇಕು, ಅದೇನು ಪ್ರಶ್ನೆ ಎನ್ನುವ ಹಾಗೆ. “ನಿಮ್ ಶಾಲೇಲಿ ಇನ್‌ಸ್ಪೆಕ್ಟ್ರು ಬಂದಾಗ ನಾನೇ ಅಲ್ವಾ ಸಾ ಎದ್ ನಿಂತು ಉತ್ರ ಹೇಳ್ತಿದ್ದುದ್ದು? ಈಗ್ಲೂ ನನ್ನೇ ಮುಂದ್ಕೆ ನಿಲ್ಲಿಸ್ತಾರೆ” ಎಂದು ಹೆಮ್ಮೆಯಿಂದ ಹೇಳಿದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಈ ವಿದ್ಯೆಯನ್ನು ಅವಳಿಗೆ ಕಲಿಸಿದ ಗುರು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಮರುದಿನ ಸಂಜೆಗೆ ಸೋಪು ಸ್ಟೋರಿಗೆ ವಾಪಸ್ಸಾಯಿತಂತೆ, ಮುಂದಿನ ಆಡಿಟ್‌ಗೆ ಬೇಕಲ್ಲ.

ಸೋಪಿಗೆ ನಗುತ್ತೇವೆ. ಕರಾಚಿಯಲ್ಲಿ ನಗಲಾಗಲಿಲ್ಲ. ಅಲ್ಲಿನ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆಗೆ 2012ರ ಆಗಸ್ಟ್‌ನಲ್ಲಿ ‘ಎಸ್‌ಎ 8000’ ಎಂಬ ಅಂತರರಾಷ್ಟ್ರೀಯ ಸಾಮಾಜಿಕ ಹೊಣೆಗಾರಿಕೆಯ ಪ್ರಮಾಣಪತ್ರ ಸಿಕ್ಕಿತು. ಸೆಪ್ಟೆಂಬರ್ 11ರಂದು ಬೆಂಕಿ ಬಿತ್ತು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಸತ್ತವರು 250ಕ್ಕೂ ಹೆಚ್ಚು. ಪ್ರಮಾಣಪತ್ರಕ್ಕೆ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ.

ಈ ನೀತಿ, ಸಂಹಿತೆ, ಪ್ರಮಾಣಪತ್ರಗಳ ಮೂಲಸ್ಥಾನ ಯಾವುದು ಎಂದು ಹುಡುಕಿದರೆ ಮಗಳ ಮನೆಯ ಆಸುಪಾಸಿಗೇ ಬಂದು ನಿಲ್ಲುತ್ತದೆ. ಹೊರಗಿನ ಕಾರ್ಖಾನೆಗಳು ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳಬೇಕೆಂದು ನಿಯಮಾವಳಿ ಬರೆದ ಮೊದಲ ಬಹುರಾಷ್ಟ್ರೀಯ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದ ಲೀವೈಸ್, 1991ರಲ್ಲಿ. ಬಹಳ ಒಳ್ಳೆಯ ನಿಯಮಾವಳಿ. ಅದೇ ಊರಿನ ವೆಲೆನ್ಸಿಯಾ ಬೀದಿಯಲ್ಲಿ 1906ರಿಂದ ನಡೆಯುತ್ತಿದ್ದ ತನ್ನ ಸ್ವಂತ ಹೊಲಿಗೆ ಕಾರ್ಖಾನೆಯನ್ನು ಲೀವೈಸ್ 2002ರಲ್ಲಿ ಮುಚ್ಚಿತು. ನಿಯಮಾವಳಿ ಮಾತ್ರ ಮುಚ್ಚಲಿಲ್ಲ. ಸ್ವಂತ ಮಕ್ಕಳಿಲ್ಲದವರು ಪಕ್ಕದ ಮನೆಯವರಿಗೆ ಮಕ್ಕಳ ಸಾಕಣೆ ಹೇಳಿಕೊಡುವುದು ನಮ್ಮಲ್ಲೂ ಉಂಟಲ್ಲ, ಹಾಗೆ.

ಆಮೇಲೆ ಕ್ಯಾಲಿಫೋರ್ನಿಯಾ ಸರ್ಕಾರ 2010ರಲ್ಲಿ ಒಂದು ಕಾನೂನನ್ನೇ ಮಾಡಿತು, 2012ರ ಜನವರಿ 1ರಿಂದ ಜಾರಿ. ವರ್ಷಕ್ಕೆ 10 ಕೋಟಿ ಡಾಲರಿಗಿಂತ ಹೆಚ್ಚು ವಹಿವಾಟಿನ ತಯಾರಕರು, ವ್ಯಾಪಾರಿಗಳು ತಮ್ಮ ಪೂರೈಕೆದಾರರಲ್ಲಿ ಜೀತ, ಮಾನವ ಸಾಗಣೆ ತಡೆಯಲು ಏನು ಮಾಡುತ್ತಿದ್ದೇವೆಂದು ತಮ್ಮ ವೆಬ್‌ಸೈಟಿನಲ್ಲಿ ಹೇಳಬೇಕು. ಅಳಿಯಂದಿರು ಹೆಮ್ಮೆಯಿಂದ ತೋರಿಸಿದರು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಅದರಲ್ಲೊಂದು ಪುಟ್ಟ ಮಾತಿದೆ: ಏನಾದರೂ ಮಾಡುತ್ತಿದ್ದರೆ ಎಷ್ಟರ ಮಟ್ಟಿಗೆ ಎಂದು ತಿಳಿಸಬೇಕು. ಮೇಷ್ಟ್ರುಗಳಿಗೆ ‘ದ್ದರೆ’ ಎಂಬ ಪ್ರತ್ಯಯದ ಮೇಲೆ ವಿಶೇಷ ಅನುಮಾನ. ಅಂದರೆ, “ನಾವು ಏನೂ ಮಾಡುತ್ತಿಲ್ಲ” ಎಂದು ಚೊಕ್ಕವಾಗಿ ಬರೆದು ಹಾಕಿದರೂ ಕಾನೂನು ಪಾಲಿಸಿದ ಹಾಗೇ. ಬರೆಯದೇ ಹೋದರೆ? ಅಟಾರ್ನಿ ಜನರಲ್ ಕೋರ್ಟಿಗೆ ಹೋಗಿ ಬರೆಯುವಂತೆ ಆದೇಶ ತರಬಹುದು. ಹೋಂವರ್ಕ್ ಮಾಡದ ಹುಡುಗನಿಗೆ ‘ನಾನು ಹೋಂವರ್ಕ್ ಮಾಡಿಲ್ಲ’ ಎಂದು ನೀಟಾಗಿ ಬರೆದು ತರಲು ಹೇಳುವ ಶಿಕ್ಷೆ ಇದು. ನನಗೆ ಮೊದಲೇ ತಿಳಿದಿದ್ದರೆ ಎಷ್ಟು ಬೆತ್ತ ಉಳಿಯುತ್ತಿತ್ತು!

ಬಟ್ಟೆಯವರನ್ನೇ ಆಡಿಕೊಂಡರೆ ಪಕ್ಷಪಾತವಾದೀತು. ಸ್ಯಾನ್ ಮಟಿಯೋಗೆ ಪ್ಲೇಸ್ಟೇಷನ್ ಆಟದ ಪೆಟ್ಟಿಗೆಯ ಕೇಂದ್ರ ಕಚೇರಿ ಇರುವ ಊರೆಂಬ ಹೆಸರಿದೆ. 2013ರಲ್ಲಿ, ಪ್ಲೇಸ್ಟೇಷನ್‌ನ ಅಮೆರಿಕದ ಕಚೇರಿ ಇನ್ನೂ ಪಕ್ಕದ ಫಾಸ್ಟರ್ ಸಿಟಿಯಲ್ಲಿದ್ದಾಗ, ಪ್ಲೇಸ್ಟೇಷನ್ 4 ಜೋಡಿಸುತ್ತಿದ್ದ ಚೀನಾದ ಯಾಂತಾಯ್‌ನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ‘ಇಂಟರ್ನ್‌ಶಿಪ್’ ಹೆಸರಿನಲ್ಲಿ ದುಡಿಸುತ್ತಿದ್ದಾರೆ, ಬಾರದಿದ್ದರೆ ಅಂಕ ಕಟ್ ಎಂದಿದ್ದಾರೆ ಎಂಬ ಸುದ್ದಿ ಹೊರಬಿತ್ತು. ರಾತ್ರಿ ಪಾಳಿ, ಓವರ್‌ಟೈಮ್ ವಿಚಾರದಲ್ಲಿ ತನ್ನದೇ ನಿಯಮ ಮುರಿದದ್ದನ್ನು ಫಾಕ್ಸ್‌ಕಾನ್ ಒಪ್ಪಿಕೊಂಡಿತು. ಆಟದ ಸಾಮಾನು ಮಾಡಲು ಮಕ್ಕಳ ಪಾಠ ತಪ್ಪಿಸುವುದು, ಆಮೇಲೆ ಆ ಸಾಮಾನು ಕೊಂಡ ಇಲ್ಲಿನ ಮಕ್ಕಳು ಪಾಠ ತಪ್ಪಿಸಿ ಆಡುವುದು. ಎರಡೂ ಕಡೆಯ ಮೇಷ್ಟ್ರುಗಳಿಗೆ ನನ್ನ ಸಂತಾಪ.

ಇನ್ನು ಆ್ಯಪಲ್ ಕಂಪನಿಯ ಊರು ಕುಪರ್ಟಿನೊ. ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಕೋಲಾರದ ನರಸಾಪುರಕ್ಕೆ ಅದರ ನಂಟು ತೀರಾ ಹತ್ತಿರದ್ದು. ಅಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗಿನ ಜಾವ ರಾತ್ರಿ ಪಾಳಿ ಮುಗಿಸಿದ ಸಾವಿರಾರು ಗುತ್ತಿಗೆ ಹುಡುಗರು ಸಂಬಳ ಸರಿಯಾಗಿ ಬಂದಿಲ್ಲವೆಂದು ಎದ್ದರು. ಗಾಜು ಒಡೆದರು, ಕಾರು ಮಗುಚಿದರು. ಒಡೆದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ನನ್ನ ಕುತೂಹಲ ಲೆಕ್ಕದ್ದು. ಪೊಲೀಸರಿಗೆ ಕೊಟ್ಟ ಮೊದಲ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ. ಕೆಲವೇ ದಿನದಲ್ಲಿ ಕಂಪನಿ ತನ್ನ ಊರಿನ ಷೇರುಪೇಟೆಗೆ ಹೇಳಿದ್ದು ನಮ್ಮ ಲೆಕ್ಕದಲ್ಲಿ 26ರಿಂದ 52 ಕೋಟಿ. ಒಡೆದ ಗಾಜಿನ ಬೆಲೆಯನ್ನು ಅಷ್ಟು ಬೇಗ ಕೂಡಿ, ಅದಕ್ಕಿಂತ ಬೇಗ ಕಳೆಯಬಲ್ಲವರಿಗೆ, ಹುಡುಗರ ಹಾಜರಿ ಮತ್ತು ಓಟಿ ಕೂಡಲು ಮಾತ್ರ ಬಂದಿರಲಿಲ್ಲ. ಆ್ಯಪಲ್ ತನ್ನ ಪೂರೈಕೆದಾರರ ನೀತಿಸಂಹಿತೆ ಉಲ್ಲಂಘನೆಯಾಗಿದೆ ಎಂದು ವಿಸ್ಟ್ರಾನನ್ನು ‘ಪ್ರೊಬೇಷನ್’ನಲ್ಲಿಟ್ಟಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಕಾರ್ಖಾನೆ ಟಾಟಾ ಕೈಗೆ ಬಂತು. ಗಾಜು ಒಡೆಯುವ ಮುಂಚೆ ಅಲ್ಲಿಗೂ ಸಂಹಿತೆ ಇತ್ತು, ಅದು ಗೋಡೆಯ ಮೇಲೆ ತೂಗುತ್ತಿತ್ತೋ ಬೀರುವಿನಲ್ಲಿ ಗ್ಲೋಬಿನ ಹಾಗೆ ಇತ್ತೋ ನೋಡಿದವರು ಹೇಳಬೇಕು.

ಈಗ ನಮ್ಮ ಅಳಿಯಂದಿರ ಆಫೀಸಿಗೆ ಬರೋಣ. ಅಲ್ಲಿ ಮೂರನೇ ಮಹಡಿಯಲ್ಲಿ ‘ಜವಾಬ್ದಾರಿ’ ಇದೆ, ಐದನೇ ಮಹಡಿಯಲ್ಲಿ ‘ಖರೀದಿ’. ಮೂರನೇ ಮಹಡಿಯಿಂದ ಮದ್ದೂರಿಗೆ ಮೇಲ್ ಹೋಗುತ್ತದೆ: ಓವರ್‌ಟೈಮ್ ಮಾಡಿಸಬೇಡಿ, ಜೀವನಕ್ಕೆ ಸಾಲುವಷ್ಟು ಕೂಲಿ ಕೊಡಿ, ಕೆಲಸಗಾರರ ಘನತೆ ಕಾಪಾಡಿ. ಅದೇ ದಿನ ಐದನೇ ಮಹಡಿಯಿಂದ ಇನ್ನೊಂದು ಮೇಲ್: ಪೀಸಿಗೆ ಹನ್ನೆರಡು ಸೆಂಟ್ ಇಳಿಸಿ, ಬಣ್ಣ ಬದಲಾಗಿದೆ, ಮಾಲು ಮಾತ್ರ ಮೊದಲು ಹೇಳಿದ ತಾರೀಖಿಗೇ ಹಡಗು ಹತ್ತಬೇಕು, ಇಲ್ಲದಿದ್ದರೆ ವಿಮಾನದ ಖರ್ಚು ನಿಮ್ಮದು. ಎರಡೂ ಒಂದೇ ಕಂಪ್ಯೂಟರಿಗೆ ಬಂದು ಬೀಳುತ್ತವೆ. ಕಾರ್ಖಾನೆಯ ಮ್ಯಾನೇಜರ್ ಬುದ್ಧಿವಂತ. ಮೊದಲನೆಯದನ್ನು ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸುತ್ತಾನೆ, ಎರಡನೆಯದನ್ನು ಪಾಲಿಸುತ್ತಾನೆ.

“ನಿಮ್ಮ ಮೂರನೇ ಮಹಡಿಯೋರು ಐದನೇ ಮಹಡಿಗೆ ಹೋಗಿ ಹೇಳಬಾರದಾ?” ಎಂದೆ.

“ನನ್ನ ಬ್ಯಾಡ್ಜ್ ಮೂರನೇ ಮಹಡಿಗೆ ಮಾತ್ರ ಮಾವ.”

2020ರ ಮಾರ್ಚ್‌ನಲ್ಲಿ ಅಂಗಡಿಗಳು ಬಾಗಿಲು ಹಾಕಿದಾಗ ಐದನೇ ಮಹಡಿಗಳ ನಿಜವಾದ ಬಲ ಗೊತ್ತಾಯಿತು. ಪಶ್ಚಿಮದ ಎಷ್ಟೋ ಬ್ರ್ಯಾಂಡುಗಳು ಹೊಲಿದು ಇಸ್ತ್ರಿ ಮಾಡಿ ಡಬ್ಬಕ್ಕೆ ತುಂಬಿದ್ದ ಮಾಲನ್ನೂ ಬೇಡವೆಂದವು. ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕ ಆರ್ಡರ್ ಇಲ್ಲವೆಂದು ಮುಚ್ಚಿತು. ಎಚ್ ಅಂಡ್ ಎಂ ಕಂಪನಿಗೆ ಹೊಲಿಯುತ್ತಿದ್ದ ಘಟಕ, 1,200ಕ್ಕೂ ಹೆಚ್ಚು ಮಂದಿಗೆ ಕೆಲಸ ಹೋಯಿತು, ಹೆಚ್ಚಿನವರು ಹೆಂಗಸರು. ಯೂನಿಯನ್ ಗಟ್ಟಿಯಾಗಿದ್ದ ಘಟಕಕ್ಕೇ ಆರ್ಡರ್ ಬರ ಬಂದದ್ದು ಆಕಸ್ಮಿಕವಲ್ಲ ಎಂದು ಗಾರ್ಮೆಂಟ್ಸ್ ಕಾರ್ಮಿಕರ ಸಂಘ ಹೇಳಿತು. ಹೆಂಗಸರು ವಾರಗಟ್ಟಲೆ ಧರಣಿ ಕೂತರು.

ಅದೇ ವರ್ಷ ಇನ್ನೊಂದು ಪ್ರಹಸನ. ಬೆಲೆ ಏರಿದಂತೆ ಕೂಲಿಗೆ ಸೇರಬೇಕಾದ ತುಟ್ಟಿಭತ್ಯೆ 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆ. ಕೊರೊನಾ ಕಷ್ಟವೆಂದು ರಾಜ್ಯ ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟ್ ಆ ಮುಂದೂಡಿಕೆಗೆ ತಡೆ ಕೊಟ್ಟಿತು, ಆದರೂ ಕಾರ್ಖಾನೆಗಳು ಕೊಡಲಿಲ್ಲ. ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಕೊಟ್ಟ ಲೆಕ್ಕದಲ್ಲಿ ಅಂಥ ಕಾರ್ಖಾನೆ ಸಾವಿರಕ್ಕೂ ಹೆಚ್ಚು, ಕಾರ್ಮಿಕರು 4 ಲಕ್ಷಕ್ಕೂ ಹೆಚ್ಚು. ದೊಡ್ಡ ಜಾಗತಿಕ ಬ್ರ್ಯಾಂಡುಗಳೆಲ್ಲ ಅಲ್ಲಿಂದ ಬಟ್ಟೆ ಒಯ್ಯುತ್ತಿದ್ದವು. ಅವುಗಳ ಆಡಿಟರುಗಳು ಬಂದರು, ಸೋಪು ನೋಡಿದರು, ಹೋದರು. ಇಡೀ ರಾಜ್ಯದ ಗಾರ್ಮೆಂಟ್ಸ್ ಕನಿಷ್ಠ ಕೂಲಿ ಹೆಚ್ಚುಕಡಿಮೆ ಎರಡು ವರ್ಷ ಸರಿಯಾಗಿ ಸಂದಿಲ್ಲ ಎಂಬ ಸಣ್ಣ ವಿಷಯ ಯಾವ ಷರಾದಲ್ಲೂ ಸದ್ದು ಮಾಡಲಿಲ್ಲ. ಪತ್ರಿಕೆಗಳಲ್ಲಿ ಬಂದು ಮಾನ ಹರಾಜಾದ ಮೇಲೆ 2022ರ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ಕೊಡತೊಡಗಿದವು.

417 ರೂಪಾಯಿ 60 ಪೈಸೆ ಎಂದರೆ ಆಗಿನ ದರದಲ್ಲಿ ಐದೂವರೆ ಡಾಲರ್. ಸ್ಯಾನ್ ಮಟಿಯೋದ ಥರ್ಡ್ ಅವೆನ್ಯೂದಲ್ಲಿ ಅಳಿಯಂದಿರು ನನಗೆ ಕೊಡಿಸಿದ ಒಂದು ಲೋಟ ಹಾಲುನೊರೆ ಕಾಫಿಯೂ ಸುಮಾರು ಅಷ್ಟೇ. ಕಾಫಿಯ ಮೇಲೆ ಎಲೆಯ ಚಿತ್ರ ಬೇರೆ ಇತ್ತು. ಆ ಎಲೆ ಬಿಡಿಸಿದ ಹುಡುಗಿಗೆ ಈ ಊರಿನ ನಗರಸಭೆ 2017ರಿಂದ ತನ್ನದೇ ಕನಿಷ್ಠ ಕೂಲಿ ನಿಗದಿ ಮಾಡಿದೆ, ಬೆಲೆ ಏರಿದ ಹಾಗೆ ಪ್ರತಿ ಜನವರಿಗೆ ಅದೂ ಏರುತ್ತದೆ, 2025ರಲ್ಲಿ ಗಂಟೆಗೆ 18 ಡಾಲರ್ ಆಸುಪಾಸು ಇತ್ತು. ಅವಳು ಧರಣಿ ಕೂರಬೇಕಿಲ್ಲ, ಕೋರ್ಟಿಗೆ ಹೋಗಬೇಕಿಲ್ಲ. ಅಲ್ಲಿ ತುಟ್ಟಿಭತ್ಯೆ ಬೇಡಿದರೆ ‘ಉದ್ಯಮಕ್ಕೆ ಪೆಟ್ಟು’, ಇಲ್ಲಿ ಅದೇ ತುಟ್ಟಿಭತ್ಯೆ ‘ನಾಗರಿಕತೆ’. ಹಾಗೆಂದು ಈ ಹುಡುಗಿ ಸುಖವಾಗಿದ್ದಾಳೆಂದು ತಿಳಿಯಬೇಡಿ. ಮಗಳ ಮನೆಯ ಬಾಡಿಗೆ ಕೇಳಿದ ದಿನ ನಾನು ಬಿ.ಪಿ. ಮಾತ್ರೆ ಎರಡು ನುಂಗಿದೆ.

ಅಳಿಯಂದಿರಿಗೆ ನನ್ನ ಮಾತು ನೋವಾಗಿರಬೇಕು. “ಮಾವ, ನೀವು ಬರೀ ಕೆಟ್ಟದ್ದೇ ನೋಡ್ತೀರಿ. ಒಳ್ಳೇದೂ ನಡೀತಿದೆ” ಎಂದು ಒಂದು ಉದಾಹರಣೆ ಕೊಟ್ಟರು. ಅವರ ಕಂಪನಿಯದಲ್ಲ, 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಅವೆನ್ಯೂದಲ್ಲಿ ಹುಟ್ಟಿದ ಗ್ಯಾಪ್ ಕಂಪನಿಯದು. 2007ರಲ್ಲಿ ಗ್ಯಾಪ್ ‘ಪೇಸ್’ ಎಂಬ ತರಬೇತಿ ಶುರು ಮಾಡಿತು. ಗಾರ್ಮೆಂಟ್ಸ್ ಹೆಂಗಸರಿಗೆ ಮಾತುಗಾರಿಕೆ, ಸಮಯ ಪಾಲನೆ, ಹಣದ ನಿರ್ವಹಣೆ, ಆತ್ಮವಿಶ್ವಾಸ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಕಾರ್ಖಾನೆಗಳಲ್ಲಿ ಅದರಿಂದ ಏನಾಯಿತೆಂದು ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಷಧಂ ಎಂಬ ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ನಿಜಕ್ಕೂ ಒಳ್ಳೆಯ ಅಧ್ಯಯನ, ನಾನು ಗೌರವದಿಂದಲೇ ಓದಿದೆ. ತರಬೇತಿ ಪಡೆದ ಹೆಂಗಸರ ಉತ್ಪಾದಕತೆ ಎದ್ದು ಕಾಣುವಷ್ಟು ಏರಿತು. ಕಾರ್ಯಕ್ರಮ ಮುಗಿದ ಎಂಟು ತಿಂಗಳಲ್ಲಿ ಕಂಪನಿ ಹಾಕಿದ ಹಣಕ್ಕೆ ಬಂದ ನಿವ್ವಳ ಲಾಭ ಶೇ. 250ಕ್ಕಿಂತ ಹೆಚ್ಚು.

“ಹೆಂಗಸರ ಸಂಬಳ?” ಎಂದೆ.

ಅಳಿಯಂದಿರು ಪುಟ ಕೆಳಗೆ ಸರಿಸಿದರು. ಶೇ. 0.5.

ನಾನು ಅವರಿಗೆ ಅನ್ಯಾಯ ಮಾಡುವುದಿಲ್ಲ, ಆತ್ಮವಿಶ್ವಾಸ ಬಂದದ್ದೂ ನಿಜ, ಅದೂ ಆ ಅಧ್ಯಯನದಲ್ಲಿದೆ. ಹತ್ತು ಸಾವಿರ ಸಂಬಳದವಳಿಗೆ ಐವತ್ತು ರೂಪಾಯಿ ಮತ್ತು ಆತ್ಮವಿಶ್ವಾಸ. ನನ್ನ ಶಿಷ್ಯೆಯೂ ಬೇರೆ ಯಾವುದೋ ಇಂಥ ತರಬೇತಿಗೆ ಕೂತಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ದುಡ್ಡು ಉಳಿಸುವುದು ಹೇಳಿಕೊಟ್ಟರಂತೆ. ಸಂಬಳ ಹೆಚ್ಚಿಗೆ ಕೇಳುವುದು ಹೇಗೆಂದು ಹೇಳಿಕೊಟ್ಟರಾ ಎಂದು ಕೇಳಿದೆ. “ಅದು ಸಿಲಬಸ್‌ನಾಗೆ ಇರ್ಲಿಲ್ಲ ಸಾ” ಎಂದಳು.

ಸಿಲಬಸ್ ಇಲ್ಲದೆ ಗಾರ್ಮೆಂಟ್ಸ್ ಹೆಂಗಸರು ಕಲಿತದ್ದು ಬೇರೆಯೇ ಇದೆ. ಕೇಂದ್ರ ಸರ್ಕಾರ ಪಿಎಫ್ ಹಣ ಹಿಂಪಡೆಯುವ ನಿಯಮ ಬಿಗಿ ಮಾಡಿ, ಮಾಲೀಕರ ಪಾಲು 58 ವರ್ಷದವರೆಗೆ ಕೈಗೆ ಸಿಗದೆಂದಾಗ, 2016ರ ಏಪ್ರಿಲ್ 18ರ ಬೆಳಿಗ್ಗೆ ಬೊಮ್ಮನಹಳ್ಳಿಯ ಹೊಸೂರು ರಸ್ತೆಗೆ ಹೆಂಗಸರು ಇಳಿದರು. ನಾಯಕರಿಲ್ಲ, ಬ್ಯಾನರಿಲ್ಲ, ತಿಂಡಿ ಡಬ್ಬಿ ಕೈಯಲ್ಲೇ ಇತ್ತು. ಮರುದಿನ ಸಂಜೆಯ ಹೊತ್ತಿಗೆ ದೆಹಲಿ ನಿಯಮ ವಾಪಸ್ ತೆಗೆದುಕೊಂಡಿತು. ಇದರ ‘ನಿವ್ವಳ ಲಾಭ’ವನ್ನು ಯಾರೂ ಲೆಕ್ಕ ಹಾಕಿಲ್ಲ. ಹಾಕಿದ್ದರೆ ಯಾವ ಕಂಪನಿಯ ಹೊಳೆಯುವ ವರದಿಗೂ ಅದು ಸೇರುತ್ತಿರಲಿಲ್ಲ.

ಹೊಣೆಗಾರಿಕೆಯಲ್ಲಿ ನಾವೇನು ಅಮೆರಿಕಕ್ಕಿಂತ ಹಿಂದಿಲ್ಲ. ಅವರದು ಹೇಳಿಕೆ, ನಮ್ಮದು ಶೇ. 2. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ನಿವ್ವಳ ಲಾಭ 5 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಆಸ್ತಿ 500 ಕೋಟಿ ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಒಳ್ಳೆಯದೇ. ಆದರೆ ನಿಯಮಗಳಲ್ಲಿ ಒಂದು ಸೊಗಸಾದ ಸಾಲಿದೆ: ಕಂಪನಿಯ ನೌಕರರಿಗೆ ಉಪಯೋಗವಾಗುವ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲದಿದ್ದರೆ ಕಾನೂನುಬದ್ಧ ಸೌಲಭ್ಯವನ್ನೇ ದಾನವೆಂದು ತೋರಿಸಿಬಿಡುತ್ತಾರೆ ಎಂಬ ಮುಂದಾಲೋಚನೆ ಇರಬೇಕು, ತಪ್ಪೆನ್ನಲಾರೆ. ಫಲ ಮಾತ್ರ ನಮ್ಮ ಅಜ್ಜಿಯರು ಮೊದಲೇ ಹೇಳಿದ್ದು: ಮನೆಗೆ ಮಾರಿ, ಊರಿಗೆ ಉಪಕಾರಿ. ಗಾದೆಗಳಿಗೆ ಗೆಜೆಟ್‌ನಲ್ಲಿ ಇಷ್ಟು ಗೌರವ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಊರು ಬಿಡುವ ಮುಂಚೆ ನಮ್ಮ ಹಳೇ ಶಾಲೆಗೂ ಒಬ್ಬ ಉಪಕಾರಿ ಬಂದಿದ್ದ. ಯಾವ ಕಂಪನಿ ಎಂದು ಕೇಳಬೇಡಿ. ಗೋಡೆಗೆಲ್ಲ ರೈಲು ಬೋಗಿಯ ಬಣ್ಣ ಬಳಿಸಿದರು, ಒಂದು ಸ್ಮಾರ್ಟ್ ಟಿವಿ, ಹತ್ತು ಡೆಸ್ಕು. ಅಮೃತಶಿಲೆಯ ಫಲಕದಲ್ಲಿ ಕಂಪನಿಯ ಹೆಸರು ಶಾಲೆಯ ಹೆಸರಿಗಿಂತ ದೊಡ್ಡದು. ಉದ್ಘಾಟನೆಗೆ ಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ಗಾರ್ಮೆಂಟ್ಸ್ ಹೆಂಗಸರ ಮಕ್ಕಳು. ಅಮ್ಮಂದಿರು ಬರಲಿಲ್ಲ, ಅಂದು ಪ್ರೊಡಕ್ಷನ್ ಹಿಂದೆ ಬಿದ್ದಿತ್ತು. ಅಮ್ಮನ ಸಂಬಳದ ಚೀಟಿಯಲ್ಲಿ ಹಿಡಿದ ರೂಪಾಯಿ ಯಾವ್ಯಾವ ದಾರಿಯಲ್ಲಿ ಸುತ್ತಿ ಮಗನ ಶಾಲೆಯ ಗೋಡೆಗೆ ನೀಲಿ ಬಣ್ಣವಾಗಿ ಬರುತ್ತದೆ ಎಂದು ಲೆಕ್ಕದ ಮೇಷ್ಟ್ರಾದ ನನಗೂ ತಿಳಿಯಲಿಲ್ಲ. ಸೋರಿಕೆ ಹಾಗೇ ಇದೆ. ಛಾವಣಿಗೆ ಫಲಕ ಹಾಕಿದರೆ ಯಾರಿಗೆ ಕಾಣುತ್ತದೆ?

ಕಳೆದ ಶನಿವಾರ ಅಳಿಯಂದಿರ ಕಂಪನಿಯಲ್ಲಿ ‘ಹೊಣೆಗಾರಿಕೆಯ ದಿನ’. ನೌಕರರೂ ಮನೆಯವರೂ ಕೊಯೋಟಿ ಪಾಯಿಂಟ್‌ಗೆ ಹೋಗಿ ಕೊಲ್ಲಿಯ ದಂಡೆಯ ಪ್ಲಾಸ್ಟಿಕ್ ಹೆಕ್ಕಬೇಕು. ನಾನೂ ಹೋದೆ. ಗಾಳಿಗೆ ಟೋಪಿ ಹಾರಿತು. ಹಾರಿದ ಟೋಪಿಯನ್ನು ಯಾರೋ ಕಸವೆಂದು ತಿಳಿದು ಹೆಕ್ಕಿ ಚೀಲಕ್ಕೆ ಹಾಕಿದರು, ವಾಪಸ್ ಕೇಳಲು ಸಂಕೋಚವಾಯಿತು. ಎಲ್ಲರಿಗೂ ಒಂದೊಂದು ಹಸಿರು ಟೀ ಶರ್ಟ್ ಕೊಟ್ಟರು, ಎದೆಯ ಮೇಲೆ ‘ಐ ಕೇರ್’ ಎಂದು ಬರೆದಿತ್ತು. ಒಳಗಿನ ಚೀಟಿ ನೋಡಿದೆ: ಮೇಡ್ ಇನ್ ಇಂಡಿಯಾ. ಎಂಟು ಸಾವಿರಕ್ಕೂ ಹೆಚ್ಚು ಮೈಲಿ ದಾಟಿ ಬಂದು ನಮ್ಮ ಊರಿನ ಕಡೆಯ ಅಂಗಿಯನ್ನೇ ತೊಟ್ಟು ಕಸ ಹೆಕ್ಕುವ ಯೋಗ. ಸಂಭ್ರಮಕ್ಕೆ ಒಂದು ಸೆಲ್ಫಿ ತೆಗೆದು ಶಿಷ್ಯೆಗೆ ವಾಟ್ಸಾಪಿನಲ್ಲಿ ಕಳಿಸಿದೆ.

ಅಳಿಯಂದಿರೂ ಅದೇ ಹೊತ್ತಿಗೆ ನನ್ನ ಫೋಟೊ ತೆಗೆದರು. ಈ ವರ್ಷದ ವರದಿಯಲ್ಲಿ ‘ಸಮುದಾಯದ ಸಹಭಾಗಿತ್ವ’ ಎಂಬ ಪುಟಕ್ಕೆ ಬೇಕಂತೆ. ಸ್ವಲ್ಪ ನಗಿ ಮಾವ ಎಂದರು, ನಕ್ಕೆ. ಇಂಥ ನಗು ನನಗೆ ಹೊಸದಲ್ಲ, ಇನ್‌ಸ್ಪೆಕ್ಷನ್ ದಿನಗಳಲ್ಲಿ ಚೆನ್ನಾಗಿ ರೂಢಿಯಾಗಿದೆ.

ಬೆಳಗಾಗುವ ಹೊತ್ತಿಗೆ ಮದ್ದೂರಿನಿಂದ ಉತ್ತರ ಬಂದಿತ್ತು. ಚಿತ್ರವನ್ನು ದೊಡ್ಡದು ಮಾಡಿ, ನನ್ನ ಭುಜದ ಹತ್ತಿರ ಕೆಂಪು ಗೆರೆಯ ಸುತ್ತು ಹಾಕಿ ಕಳಿಸಿದ್ದಳು, ಜೊತೆಗೊಂದು ಧ್ವನಿ ಸಂದೇಶ.

“ಸಾ, ಕೊಲ್ಲಿ ಚೆನ್ನಾಗದೆ. ಆದ್ರೆ ಅಂಗಿ ಶೋಲ್ಡರ್ ಜಾಯಿಂಟ್ ನೋಡಿ, ಹೊಲ್ಗೆ ಬಿಟ್ಟೋಗದೆ, ಸುಕ್ಕು ಕೂತದೆ. ಇದು ಚೆಕಿಂಗ್‌ನಾಗೆ ಹೆಂಗ್ ಪಾಸಾಯ್ತು? ನಮ್ ಲೈನ್‌ನಾಗೆ ಹಿಂಗ್ ಹೊಲ್ದಿದ್ರೆ ಮೊಕಕ್ಕೆ ಎಸ್ದು ಆಲ್ಟರ್ ಮಾಡ್ಸೋರು. ಬಿಚ್ಚಿ ಮಡಗಿ ಸಾ, ಬಂದಾಗ ಹೊಲ್ಕೊಡ್ತೀನಿ.”